ಕೆರೆಗೆ ಹೊಟ್ಟೆ ಬಿರಿಯುವಷ್ಟು ಊಟ, ಹೊಲಕ್ಕೆ ಉಪವಾಸ

ಸಂಪಾದಕರಿಗೆ ನಮಸ್ಕಾರ.

ಬೆಂಗಳೂರಿನ ಕೆರೆಯೊಂದರಲ್ಲಿ ಮೆಷಿನ್ ಇಳಿಸಿ ಕಳೆ ತೆಗೆಯುತ್ತಿರುವ ಫೋಟೊ ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ಕೆರೆಗೆ ಹೊಸ ಜೀವ ಬಂತು ಅಂತ ಕೆಳಗೆ ಬರೆದಿತ್ತು. ಆ ಕೆರೆಯ ಪಕ್ಕದ ರಸ್ತೆಯಲ್ಲೇ ವಾರಕ್ಕೆ ಮೂರು ದಿನ ನಾನು ಸೊಪ್ಪಿನ ಗಾಡಿ ಓಡಿಸಿಕೊಂಡು ಹೋಗುತ್ತೇನೆ. ಫೋಟೊ ತೆಗೆದ ಮೇಲೆ ಏನಾಯಿತು ಅಂತ ನೋಡಿದ್ದೇನೆ, ಅದಕ್ಕೇ ಈ ಪತ್ರ. ತೆಗೆದ ಕಳೆಯನ್ನು ಎಲ್ಲಿಗೂ ಸಾಗಿಸಲಿಲ್ಲ. ಏರಿಯ ಒಳಮಗ್ಗುಲಲ್ಲೇ ಆಳೆತ್ತರ ರಾಶಿ ಹಾಕಿದರು. ಎರಡು ವಾರ ಬಿಸಿಲಿಗೆ ಬಾಡಿತು, ಆಮೇಲೆ ಕೊಳೆಯಿತು, ಮಳೆ ಬಂತು, ಕಪ್ಪು ರಸ ಇಳಿದು ಮತ್ತೆ ಅದೇ ನೀರಿಗೆ ಸೇರಿತು. ಈಗ ಹೋಗಿ ನೋಡಿ, ಕೆರೆ ಮೊದಲಿನ ಹಾಗೇ ಹಸಿರು.

ಕೆಲಸ ಮಾಡಿದವರನ್ನು ನಾನು ಬೈಯುತ್ತಿಲ್ಲ. ಅವರ ಕಣ್ಣಿಗೆ ಅದು ಕಸ. ನನ್ನ ಕಣ್ಣಿಗೆ ಅದು ಗೊಬ್ಬರ, ಅದೂ ನಮ್ಮಂಥವರ ಹೊಲದಿಂದಲೇ ಹೊರಟು ಹೋದ ಗೊಬ್ಬರ.

ನಾನು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ರೈತ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿ, ಎರಡು ವರ್ಷ ಸಿಟಿಯಲ್ಲಿ ಕೆಲಸ ಮಾಡಿ, ಊರಿಗೆ ವಾಪಸ್ ಬಂದೆ. ಎರಡೂವರೆ ಎಕರೆಯಲ್ಲಿ ಸೊಪ್ಪು, ಟೊಮೆಟೊ, ಮನೆಗೂ ಮಾರೋದಕ್ಕೂ ಒಂದಿಷ್ಟು ರಾಗಿ. ಗಾಡಿ ಬೆಂಗಳೂರಿಗೆ ಹೋಗುವಾಗ ತುಂಬಿರುತ್ತದೆ, ಬರುವಾಗ ಖಾಲಿ ಬರುತ್ತದೆ. ಎಷ್ಟೋ ವರ್ಷ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಹೋದದ್ದು ಬರೀ ಸೊಪ್ಪು ಅಂದುಕೊಂಡಿದ್ದೆ.

ಲೆಕ್ಕ ಹಾಕಿ ನೋಡಿ. ಒಂದು ಕ್ವಿಂಟಲ್ ರಾಗಿ ಹೊಲ ಬಿಟ್ಟು ಹೋದರೆ ಅದರ ಜೊತೆ ಸುಮಾರು ಒಂದು ಕೆಜಿ ಸಾರಜನಕ, ಕಾಲು ಕೆಜಿ ಆಸುಪಾಸು ರಂಜಕ (ಫಾಸ್ಫರಸ್), ಅದಕ್ಕಿಂತ ಸ್ವಲ್ಪ ಜಾಸ್ತಿ ಸುಣ್ಣದಂಶ ಹೋಗುತ್ತದೆ. ಕಾಲು ಕೆಜಿ ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಕೋಲಾರದ ಮಾರುಕಟ್ಟೆಯಿಂದ ಹೊರಡುವ ಟೊಮೆಟೊ ಲಾರಿಗಳನ್ನು ಎಣಿಸಿ, ಡೇರಿಗಳಿಂದ ದಿನಾ ಎರಡು ಹೊತ್ತು ಹೊರಡುವ ಹಾಲಿನ ಟ್ಯಾಂಕರ್‌ಗಳನ್ನು ಎಣಿಸಿ. ಎಲ್ಲದರಲ್ಲೂ ನಮ್ಮ ಮಣ್ಣು ಹೋಗುತ್ತಿದೆ. ಇದನ್ನೆಲ್ಲ ತಿಂದ ಒಂದು ಕೋಟಿಗೂ ಮೀರಿದ ಜನ ಬೆಂಗಳೂರಿನಲ್ಲಿದ್ದಾರೆ. ಬೆಳೆಯುವ ಮಕ್ಕಳ ಮೂಳೆಗೆ ಒಂದಿಷ್ಟು ಸೇರುತ್ತದೆ. ದೊಡ್ಡವರ ಮೈಯಲ್ಲಿ ಸಾರಜನಕವೂ ಉಳಿಯೋದಿಲ್ಲ, ರಂಜಕವೂ ಉಳಿಯೋದಿಲ್ಲ, ತಿಂದದ್ದು ಹೆಚ್ಚುಕಡಿಮೆ ಪೂರ್ತಿ ಹೊರಗೆ ಬರುತ್ತದೆ. ಅದರಲ್ಲೂ ಸಾರಜನಕದ ಬಹುಪಾಲು ಇರೋದು ಮೂತ್ರದಲ್ಲಿ. ಅಲ್ಲಿಂದ ಫ್ಲಶ್, ಚರಂಡಿ, ರಾಜಕಾಲುವೆ, ಕೊನೆಗೆ ಕೆರೆ.

ಶಕ್ತಿಯ ದಾರಿ ಬೇರೆ, ಗೊಬ್ಬರದ ದಾರಿ ಬೇರೆ. ಕಾಲೇಜಿನಲ್ಲಿ ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅರ್ಥ ಆಗಿದ್ದು ಹೊಲಕ್ಕೆ ಇಳಿದ ಮೇಲೆ. ಬಿಸಿಲು ದಿನಾ ಬೆಳಿಗ್ಗೆ ಹೊಸದಾಗಿ ಬರುತ್ತದೆ. ಬೆಳೆ ಅದರಲ್ಲಿ ನೂರಕ್ಕೆ ಒಂದೆರಡು ಪಾಲು ಹಿಡಿದುಕೊಂಡರೆ ಹೆಚ್ಚು. ಗಿಡವನ್ನು ಹುಳ ತಿನ್ನುತ್ತದೆ, ಹುಳವನ್ನು ಹಕ್ಕಿ ತಿನ್ನುತ್ತದೆ, ತಿಂದ ಪ್ರತಿ ಸಲವೂ ಬಹುಪಾಲು ಓಡಾಟಕ್ಕೆ, ಉಸಿರಿಗೆ, ಮೈಕಾವಿಗೆ ಖರ್ಚಾಗಿ ಶಾಖವಾಗಿ ಹೋಗಿಬಿಡುತ್ತದೆ, ಮುಂದಿನ ಬಾಯಿಗೆ ಸಿಗುವುದು ಅಂದಾಜು ಹತ್ತರಲ್ಲಿ ಒಂದು ಪಾಲು. ಹೋದ ಶಾಖ ವಾಪಸ್ ಬರೋದಿಲ್ಲ. ಪರವಾಗಿಲ್ಲ, ನಾಳೆ ಮತ್ತೆ ಸೂರ್ಯ ಹುಟ್ಟುತ್ತಾನೆ. ರಂಜಕಕ್ಕೆ ಆ ಅನುಕೂಲ ಇಲ್ಲ. ಅದು ಗಾಳಿಯಿಂದ ಸಿಗೋದಿಲ್ಲ. ಬಂಡೆ ಸವೆದು ಮಣ್ಣಾಗಿ ಬರಬೇಕು, ಅದಕ್ಕೆ ಸಾವಿರಾರು ವರ್ಷ ಬೇಕು. ಹಾಗಾಗಿ ಇದ್ದದ್ದೇ ಸುತ್ತಬೇಕು, ಮಣ್ಣಿನಿಂದ ಗಿಡಕ್ಕೆ, ಗಿಡದಿಂದ ಬಾಯಿಗೆ, ಅಲ್ಲಿಂದ ಮತ್ತೆ ಮಣ್ಣಿಗೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಶಕ್ತಿ ಹೀಗೆ ಮೆಟ್ಟಿಲು ಮೆಟ್ಟಿಲಿಗೂ ಕರಗುತ್ತದೆ ಅನ್ನುವ ಲೆಕ್ಕಕ್ಕೆ ದಾರಿ ಹಾಕಿಕೊಟ್ಟದ್ದು ಕೂಡ ಒಂದು ಕೆರೆಯೇ. ಅಮೆರಿಕದ ಮಿನ್ನೆಸೋಟದಲ್ಲಿ ರೇಮಂಡ್ ಲಿಂಡೆಮನ್ ಅನ್ನುವ ಯುವಕ ಸೀಡರ್ ಬಾಗ್ ಅನ್ನುವ ಜೌಗು ಕೆರೆಯಲ್ಲಿ ವರ್ಷಗಟ್ಟಲೆ ಪಾಚಿಯಿಂದ ಹಿಡಿದು ಹುಳಹುಪ್ಪಟೆವರೆಗೆ ಎಲ್ಲವನ್ನೂ ಲೆಕ್ಕ ಇಟ್ಟ. ಅವನ ಲೇಖನವನ್ನು ಮೊದಲು ಬೇಡ ಅಂದರು. 1942ರಲ್ಲಿ ಅದು ಅಚ್ಚಾಗುವ ಹೊತ್ತಿಗೆ ಅವನೇ ಇರಲಿಲ್ಲ, 27 ತುಂಬುವ ಮೊದಲೇ ತೀರಿಕೊಂಡಿದ್ದ. ಇವತ್ತು ಪ್ರಪಂಚದ ಎಲ್ಲ ಮಕ್ಕಳೂ ಪಾಠದಲ್ಲಿ ಓದುವ ಆಹಾರ ಸರಪಳಿಯ ಲೆಕ್ಕದ ಹಿಂದೆ ಆ ಹುಡುಗ ಕೆಸರಿನಲ್ಲಿ ಪಟ್ಟ ಕಷ್ಟ ಇದೆ. ನನಗೆ ಇದನ್ನು ನೆನೆಸಿಕೊಂಡಾಗಲೆಲ್ಲ ಸಂಕಟ ಆಗುತ್ತದೆ.

ನಮ್ಮೂರಿಗೆ ಬರೋಣ. ನಮ್ಮ ತಾತನ ಕಾಲದಲ್ಲಿ ಯುಗಾದಿ ಕಳೆದು ಕೆರೆ ಒಣಗಿತು ಅಂದರೆ ಗೋಡು ಹೊಡೆಯುವ ಕೆಲಸ ಶುರು. ಊರಿನ ಅಷ್ಟೂ ಎತ್ತಿನ ಗಾಡಿ ಕೆರೆ ಅಂಗಳದಲ್ಲಿ ಇರುತ್ತಿದ್ದವು. ಮಳೆಗಾಲದಲ್ಲಿ ಮೇಲಿನ ಹೊಲಗಳಿಂದ ಕೊಚ್ಚಿಕೊಂಡು ಬಂದ ನಯವಾದ ಮಣ್ಣು, ಎಲೆ, ಸಗಣಿ, ಕೆರೆಯಲ್ಲೇ ಹುಟ್ಟಿ ಸತ್ತ ಪಾಚಿ, ಶಂಖದ ಹುಳ, ಎಲ್ಲವೂ ತಳದಲ್ಲಿ ಕೂತು ಗೋಡಾಗಿರುತ್ತಿತ್ತು. ಅದನ್ನು ಅಗೆದು ಮತ್ತೆ ಅದೇ ಮೇಲಿನ ಹೊಲಗಳಿಗೆ ಹೊಡೆಯುತ್ತಿದ್ದರು. ಮಳೆ ಇಳಿಸಿದ್ದನ್ನು ಎತ್ತು ಹತ್ತಿಸುತ್ತಿತ್ತು. ಕೆರೆಯ ಹೂಳೂ ಹೋಯಿತು, ಹೊಲಕ್ಕೆ ಸಾರವೂ ಬಂತು. ಅದರ ಜೊತೆ ಗದ್ದೆಗೆ ಹೊಂಗೆ ಸೊಪ್ಪು ತುಳಿಯೋದು, ತಿಪ್ಪೆ ಗೊಬ್ಬರ, ಕುರಿ ಮಂದೆ. ಕುರಿಯವರಿಗೆ ರಾತ್ರಿಗೆ ಇಷ್ಟು ರಾಗಿ ಅಂತ ಕೊಟ್ಟು ಹೊಲದಲ್ಲಿ ಮಂದೆ ಕೂಡಿಸುತ್ತಿದ್ದರು. ಗುಡ್ಡದಲ್ಲಿ ಮೇಯ್ದದ್ದು ರಾತ್ರಿ ನಮ್ಮ ಹೊಲಕ್ಕೆ ಪಿಕ್ಕೆಯಾಗಿ ಬೀಳುತ್ತಿತ್ತು.

ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳೋದಿಲ್ಲ. ಇಳುವರಿ ಕಡಿಮೆ ಇತ್ತು, ಬರ ಬಂದರೆ ಹಸಿವು ಇತ್ತು, ಗೋಡು ಹೊಡೆದವರ ಬೆನ್ನು ಮುರಿಯುತ್ತಿತ್ತು. ರಸಗೊಬ್ಬರ ಬಂದು ಹೊಟ್ಟೆ ತುಂಬಿದ್ದು ನಿಜ. ನಾನೂ ಹಾಕುತ್ತೇನೆ. 45 ಕೆಜಿ ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸಿಗುತ್ತದೆ, ರಂಜಕ ಇರುವ ಗೊಬ್ಬರ ಡಿಎಪಿಯ 50 ಕೆಜಿ ಚೀಲಕ್ಕೆ 1350 ರೂಪಾಯಿ. ಯೂರಿಯಾ ಅಗ್ಗ, ಹಾಕಿದ ನಾಲ್ಕೇ ದಿನಕ್ಕೆ ಎಲೆ ಕಡುಹಸಿರು ಆಗುತ್ತದೆ, ಹಾಗಾಗಿ ಎಲ್ಲರೂ ಒಂದು ಕೈ ಜಾಸ್ತಿಯೇ ಎರಚುತ್ತೇವೆ. ಹಾಕಿದ್ದರಲ್ಲಿ ಬೆಳೆ ಎತ್ತಿಕೊಳ್ಳುವುದು ಅರ್ಧ ಇರಬಹುದು, ಎಷ್ಟೋ ಸಲ ಅಷ್ಟೂ ಇಲ್ಲ. ಉಳಿದದ್ದರಲ್ಲಿ ಒಂದಿಷ್ಟು ಗಾಳಿಗೆ, ಒಂದಿಷ್ಟು ಮಳೆ ನೀರಿನ ಜೊತೆ ಹಳ್ಳಕ್ಕೆ, ಒಂದಿಷ್ಟು ಕೆಳಗೆ ಇಳಿದು ಬೋರ್‌ವೆಲ್ ನೀರಿಗೆ ನೈಟ್ರೇಟ್ ಆಗಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇದೆ. ನಮ್ಮ ಜಿಲ್ಲೆಯಲ್ಲಿ ಫ್ಲೋರೈಡ್ ಬಗ್ಗೆ ಎಲ್ಲರಿಗೂ ಗೊತ್ತು, ನೈಟ್ರೇಟ್ ಬಗ್ಗೆ ಯಾರೂ ಕೇಳೋದೇ ಇಲ್ಲ.

ಡಿಎಪಿಯ ರಂಜಕ ಎಲ್ಲಿಂದ ಬರುತ್ತದೆ ಗೊತ್ತಾ? ಅದರ ಬಂಡೆ ನಮ್ಮ ದೇಶದಲ್ಲಿ ಇರೋದು ಸಾಲದು. ಮೊರಾಕೊ, ಜೋರ್ಡಾನ್‌ನಂಥ ದೇಶಗಳಲ್ಲಿ ಅಗೆದು ಹಡಗಿನಲ್ಲಿ ತರಿಸಬೇಕು. ಅದರ ದಾರಿ ಯೋಚನೆ ಮಾಡಿ. ಮೊರಾಕೊದ ಬಂಡೆ ಮಾಲೂರಿನ ಟೊಮೆಟೊ ಆಗುತ್ತದೆ, ಟೊಮೆಟೊ ಬೆಂಗಳೂರಿನ ಸಾರು ಆಗುತ್ತದೆ, ಸಾರು ಬೆಳ್ಳಂದೂರು ಕೆರೆಯ ಕಳೆ ಆಗುತ್ತದೆ. ಅಲ್ಲಿಗೆ ನಿಂತಿತು. ಅಲ್ಲಿಂದ ಹೊಲಕ್ಕೆ ದಾರಿಯೇ ಇಲ್ಲ. ಮುಂದಿನ ವರ್ಷಕ್ಕೆ ಮತ್ತೆ ಹಡಗು.

ಇನ್ನು ಕೆರೆಯ ಕಡೆ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕಂದರೆ ಕೊಳಕು ನೀರು ವಿಷ, ಅದಕ್ಕೇ ಮೀನು ಸತ್ತವು ಅಂತ ಸುಮ್ನೆ ಹೇಳಿ ಮುಗಿಸುತ್ತಾರೆ. ಎಷ್ಟೋ ಸಲ ಮೀನು ಸಾಯುವುದು ಉಸಿರು ಕಟ್ಟಿ. ರಂಜಕ, ಸಾರಜನಕ ಜಾಸ್ತಿ ಆದರೆ ಪಾಚಿ ಹಬ್ಬುತ್ತದೆ. ಪುಷ್ಕಳ ಊಟ ಸಿಕ್ಕಿದರೆ ನೇರಳೆ ಹೂವಿನ ಆ ಜಲಕಳೆಯೂ (ವಾಟರ್ ಹಯಸಿಂತ್) ಎರಡು ವಾರದಲ್ಲಿ ಎರಡು ಪಟ್ಟು ಆಗಬಲ್ಲದು. ಅದು ದಕ್ಷಿಣ ಅಮೆರಿಕದಿಂದ ಬಂದ ಗಿಡ, ಇಲ್ಲಿ ಅದನ್ನು ತಿಂದು ಹದ್ದುಬಸ್ತಿನಲ್ಲಿ ಇಡುವ ಹುಳ ಮೊದಲಿನಿಂದ ಇರಲಿಲ್ಲ. ಕಳೆ ಮುಚ್ಚಿಕೊಂಡರೆ ಬಿಸಿಲು ನೀರಿನೊಳಗೆ ಇಳಿಯೋದಿಲ್ಲ. ಪಾಚಿ ಇದ್ದರೆ ಹಗಲು ಆಮ್ಲಜನಕ ಬಿಡುತ್ತದೆ, ನಿಜ, ಆದರೆ ರಾತ್ರಿ ಅದೂ ಉಸಿರಾಡಬೇಕಲ್ವಾ? ಜೊತೆಗೆ ಸತ್ತು ತಳಕ್ಕೆ ಬಿದ್ದ ಪಾಚಿ, ಕಳೆ, ಚರಂಡಿಯ ಕೊಳೆ ಇದನ್ನೆಲ್ಲ ತಿನ್ನಲು ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಕೂತಿರುತ್ತವೆ, ಅವಕ್ಕೂ ಆಮ್ಲಜನಕ ಬೇಕು. ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಉಸಿರೇ ಉಳಿದಿರೋದಿಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಬೆಳ್ಳಗೆ ತೇಲಿದ್ದು ನಿಮ್ಮ ಓದುಗರಿಗೆ ನೆನಪಿರಬಹುದು.

ಹಾಗಾದರೆ ಯಾವುದನ್ನು ತಡೆದರೆ ಪಾಚಿ ನಿಲ್ಲುತ್ತದೆ? ಇದಕ್ಕೆ ಕೆನಡಾದಲ್ಲಿ 1973ರಲ್ಲೇ ಉತ್ತರ ಸಿಕ್ಕಿದೆ. ಒಂಟಾರಿಯೊದ ಕಾಡಿನಲ್ಲಿ 226 ಅಂತ ನಂಬರ್ ಇರುವ ಒಂದು ಕೆರೆ. ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು ಆ ಕೆರೆಯ ನಡುವೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಎರಡು ಭಾಗ ಮಾಡಿದರು. ಒಂದು ಕಡೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದು ಕಡೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಕಡೆ ಹಸಿರೋ ಹಸಿರು, ಈ ಕಡೆ ತಿಳಿನೀರು. ವಿಮಾನದಿಂದ ತೆಗೆದ ಆ ಫೋಟೊ ಒಂದೇ ಸಾಕಾಯಿತು, ದೊಡ್ಡ ವಾದ ಬೇಕಾಗಲಿಲ್ಲ. ಎಲ್ಲ ಕೆರೆಯೂ ಒಂದೇ ಥರ ಇರೋದಿಲ್ಲ, ಸಾರಜನಕವೂ ಮುಖ್ಯವೇ. ಆದರೆ ಸಿಹಿನೀರಿನ ಕೆರೆಗೆ ರಂಜಕದ ಬಾಗಿಲು ಮುಚ್ಚದೆ ಬೇರೆ ಏನು ಮಾಡಿದರೂ ದುಡ್ಡು ನೀರಿಗೆ ಹಾಕಿದಂತೆ ಅಂತ ನಾನು ನಂಬಿದ್ದೇನೆ.

ಇಲ್ಲಿ ಜನ ಒಂದು ತಪ್ಪು ಮಾಡುತ್ತಾರೆ. ಬೆಳ್ಳಂದೂರು, ವರ್ತೂರಿನ ನೊರೆ ಮತ್ತು ಈ ಹಸಿರು ಎರಡೂ ಒಂದೇ ಕಾಯಿಲೆ ಅಂದುಕೊಳ್ಳುತ್ತಾರೆ. ನೊರೆಗೆ ಮುಖ್ಯ ಕಾರಣ ಸೋಪಿನ ಪುಡಿಯಲ್ಲಿ ಕೊಳೆ ಬಿಡಿಸುವ ರಾಸಾಯನಿಕ. ಚರಂಡಿ ನೀರು ಕೋಡಿಯಲ್ಲಿ ಎತ್ತರದಿಂದ ಧುಮುಕಿದಾಗ ಅದು ಬಕೆಟ್‌ನಲ್ಲಿ ಬಟ್ಟೆ ಅಲಸಿದ ಹಾಗೆ ಏಳುತ್ತದೆ. ಕೆಲವು ಪುಡಿಗಳಲ್ಲಿ ಫಾಸ್ಫೇಟ್, ಅಂದರೆ ರಂಜಕದ ಲವಣ, ಕೂಡ ಇರುತ್ತದೆ, ಅದು ನೊರೆ ಎಬ್ಬಿಸೋದಿಲ್ಲ, ಪಾಚಿಗೆ ಊಟ ಆಗುತ್ತದೆ. 2015ರಲ್ಲಿ ನೊರೆಗೇ ಬೆಂಕಿ ಹತ್ತಿತು, 2017ರಲ್ಲಿ, 2018ರಲ್ಲಿ ಮತ್ತೆ ಬೆಳ್ಳಂದೂರು ಹೊತ್ತಿ ಉರಿಯಿತು. ಆಗ ಕ್ಯಾಮೆರಾಗಳು ಬಂದವು. ಪಾಚಿಗೆ ಕ್ಯಾಮೆರಾ ಬರೋದಿಲ್ಲ. ಅಲ್ಲಿಂದ ನೀರು ವರ್ತೂರಿಗೆ, ದಕ್ಷಿಣ ಪಿನಾಕಿನಿಗೆ, ಗಡಿ ದಾಟಿ ಹೊಸೂರು ಹತ್ತಿರದ ಕೆಲವರಪಲ್ಲಿ ಅಣೆಕಟ್ಟಿಗೆ ಹೋಗುತ್ತದೆ. ಅಲ್ಲಿನ ರೈತರೂ ನೊರೆ ನೋಡಿದ್ದಾರೆ.

ಈ ನೀರಿನ ಒಂದು ಪಾಲು 2018ರಿಂದ ನಮ್ಮ ಜಿಲ್ಲೆಗೂ ಬರುತ್ತಿದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಚರಂಡಿ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುತ್ತಾರೆ. ಸಾವಿರ ಅಡಿ ಕೊರೆಸಿ ನೀರು ಸಿಗದೆ ಸಾಲ ಮಾತ್ರ ಉಳಿಸಿಕೊಂಡ ರೈತರ ನಡುವೆ ಬದುಕುತ್ತಿದ್ದೇನೆ, ಹಾಗಾಗಿ ಈ ನೀರು ಬೇಡ ಅಂತ ನನ್ನ ಬಾಯಲ್ಲಿ ಬರೋದಿಲ್ಲ. ಒಣಗಿ ಬಿರುಕು ಬಿಟ್ಟಿದ್ದ ಕೆರೆಯಲ್ಲಿ ಅಲೆ ನೋಡಿದ ದಿನ ಆ ಊರುಗಳ ಹೆಂಗಸರು ಪೂಜೆ ಮಾಡಿದ್ದು ಸುಮ್ನೆ ಅಲ್ಲ. ಆದರೆ ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಜಿಲ್ಲೆಯ ಹೋರಾಟಗಾರರು ಮೊದಲ ದಿನದಿಂದ ಕೇಳುತ್ತಿದ್ದಾರಲ್ಲ, ಅದರಲ್ಲಿ ಪೂರ್ತಿ ನ್ಯಾಯ ಇದೆ. ಸಾಮಾನ್ಯವಾದ ಎರಡನೇ ಹಂತದಲ್ಲಿ ಕೊಳೆಯುವ ವಸ್ತು ಹೋಗುತ್ತದೆ, ನೀರು ನೋಡಲು ತಿಳಿಯಾಗುತ್ತದೆ, ವಾಸನೆ ಕಡಿಮೆ ಆಗುತ್ತದೆ. ಕರಗಿದ ಸಾರಜನಕ, ರಂಜಕದ ದೊಡ್ಡ ಪಾಲು ಹಾಗೇ ಉಳಿಯುತ್ತದೆ. ಬೆಂಗಳೂರಿಗೆ ಹೋದ ನಮ್ಮ ಗೊಬ್ಬರ ವಾಪಸ್ ಬರುತ್ತಿದೆ ಅಂತ ಖುಷಿ ಪಡಬಹುದಿತ್ತು, ಅದು ನೇರ ಹೊಲಕ್ಕೆ ಬಂದಿದ್ದರೆ. ಬರುತ್ತಿರೋದು ಕೆರೆಗೆ.

ಇದೆಲ್ಲ ಆಗದ ಮಾತು ಅಂತ ಹೇಳುವವರಿಗೆ ಜಕ್ಕೂರು ಕೆರೆ ತೋರಿಸುತ್ತೇನೆ. ಅಲ್ಲಿ ಶುದ್ಧೀಕರಣ ಘಟಕದ ನೀರನ್ನು ನೇರ ಕೆರೆಗೆ ಬಿಡೋದಿಲ್ಲ, ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹಾಯಿಸುತ್ತಾರೆ. ಜೊಂಡಿನ ಬೇರು, ಆ ಬೇರಿನ ಮೇಲೆ ಕೂತ ಬ್ಯಾಕ್ಟೀರಿಯಾ ಒಂದಿಷ್ಟು ಸಾರ ಹೀರಿಕೊಳ್ಳುತ್ತವೆ, ಆಮೇಲೆ ನೀರು ಕೆರೆಗೆ. ಅಲ್ಲಿ ಮೀನು ಹಿಡಿಯುವವರಿದ್ದಾರೆ, ಹಕ್ಕಿಗಳಿವೆ, ಸುತ್ತಲಿನ ಬಾವಿಗಳಿಗೆ ನೀರು ಬಂದಿದೆ. ಆದರೆ ಅಲ್ಲೂ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸಲೇಬೇಕು. ಕೊಯ್ಯದೆ ಬಿಟ್ಟರೆ ಅಲ್ಲೇ ಕೊಳೆತು ಹೀರಿದ್ದನ್ನು ವಾಪಸ್ ಬಿಡುತ್ತದೆ. ನಾನು ಮೊದಲು ಹೇಳಿದ ಏರಿಯ ಮೇಲಿನ ರಾಶಿಯ ಕಥೆಯೇ ಇದು.

ನಗರದ ಕೆರೆಯ ಕಳೆಯನ್ನೂ ಹೂಳನ್ನೂ ಹಾಗೇ ತಂದು ಸೊಪ್ಪಿಗೆ ಹಾಕಿ ಅಂತ ನಾನು ಹೇಳಿದರೆ ಮೋಸ ಆಗುತ್ತದೆ. ಕಾರ್ಖಾನೆಯ ನೀರು ಬೆರೆತ ಕಡೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಇರುತ್ತವೆ, ಈ ಜಲಕಳೆ ಅವನ್ನೂ ಚೆನ್ನಾಗಿ ಹೀರುತ್ತದೆ. ನನಗೆ ಅತಿ ಸಿಟ್ಟು ಬರುವುದು ಇದೇ ವಿಷಯಕ್ಕೆ. ಮನೆಯ ಚರಂಡಿಯಲ್ಲಿ ಇರೋದು ಗೊಬ್ಬರ. ಅದಕ್ಕೆ ಕಾರ್ಖಾನೆಯ ವಿಷ ಬೆರೆಸಿದ ಮೇಲೆ ಗೊಬ್ಬರವೂ ಹಾಳು, ನೀರೂ ಹಾಳು. ಯಾವ ಯಂತ್ರವೂ ಆಮೇಲೆ ಅದನ್ನು ಅಗ್ಗದಲ್ಲಿ ಬಿಡಿಸಲಾರದು. ಚರಂಡಿ ಪೈಪ್ ಇಲ್ಲದ ಬಡಾವಣೆಗಳ ಗುಂಡಿಗಳಿಂದ ಟ್ಯಾಂಕರ್‌ನವರು ತುಂಬಿಕೊಂಡು ಹೊಲಗಳಿಗೆ ತಂದು ಬಿಡುತ್ತಾರಲ್ಲ, ಅದರಲ್ಲಿ ಕಾರ್ಖಾನೆ ನೀರು ಇರೋದಿಲ್ಲ. ರೈತರು ಅದನ್ನು ಗುಂಡಿಯಲ್ಲಿ ತಿಂಗಳುಗಟ್ಟಲೆ ಒಣಗಿಸಿ ಬಾಳೆಗೆ, ತೆಂಗಿಗೆ ಹಾಕುತ್ತಾರೆ. ಹಸಿಯಾಗಿ ಹಾಕಿದರೆ ಜಂತುಹುಳದ ಮೊಟ್ಟೆ ಉಳಿದಿರುತ್ತದೆ, ತರಕಾರಿಗೆ ಅಂತೂ ಕೂಡದು, ರಕ್ಷಣಾ ಸಾಧನ ಇಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಇದನ್ನು ಕದ್ದುಮುಚ್ಚಿ ನಡೆಯುವ ದಂಧೆಯಾಗಿ ಬಿಡುವ ಬದಲು ಒಣಗಿಸುವ ಜಾಗ, ಪರೀಕ್ಷೆ, ದರ ಎಲ್ಲ ಗೊತ್ತುಮಾಡಿ ನಡೆಸಿದರೆ ಅರ್ಧ ಡಿಎಪಿ ಚೀಲ ಉಳಿಯುತ್ತದೆ ಅನ್ನುವ ರೈತರು ನಮ್ಮ ಸುತ್ತ ಇದ್ದಾರೆ.

ನಾನು ಕೇಳೋದು ದೊಡ್ಡದೇನಲ್ಲ. ಕೆರೆ ಕಳೆ ತೆಗೆಯುವ ಟೆಂಡರ್‌ನಲ್ಲಿ ತೆಗೆದ ಕಳೆ ಎಷ್ಟು ದಿನದಲ್ಲಿ, ಎಲ್ಲಿಗೆ ಹೋಗಬೇಕು ಅಂತ ಬರೆಯಿರಿ, ಏರಿಯ ಮೇಲೆ ಉಳಿದಷ್ಟಕ್ಕೆ ಬಿಲ್ ಕೊಡಬೇಡಿ. ಹೂಳು ಎತ್ತುವ ಮೊದಲು ಪರೀಕ್ಷೆ ಮಾಡಿಸಿ ಅದರ ವರದಿಯನ್ನು ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸಿ, ಲೋಹ ಇಲ್ಲ ಅಂದರೆ ನಾವೇ ಟ್ರ್ಯಾಕ್ಟರ್ ತಂದು ಹೊಡೆದುಕೊಂಡು ಹೋಗುತ್ತೇವೆ. ನಮ್ಮ ಜಿಲ್ಲೆಗೆ ಬರುವ ನೀರಿನಲ್ಲಿ ರಂಜಕ, ಸಾರಜನಕ ಎಷ್ಟಿದೆ ಅಂತ ತಿಂಗಳಿಗೊಮ್ಮೆ ಪ್ರಕಟಿಸಿ. ಸೋಪಿನ ಪುಡಿಯ ಪ್ಯಾಕೆಟ್ ಮೇಲೆ ಫಾಸ್ಫೇಟ್ ಎಷ್ಟು ಅಂತ ದಪ್ಪ ಅಕ್ಷರದಲ್ಲಿ ಹಾಕಿಸಿ.

ಇನ್ನು ನಿಮ್ಮ ವರದಿಗಾರರಿಗೆ ಒಂದು ಕರೆ. ನಮ್ಮ ಊರಿನ ಕೆರೆಗೆ ಬೆಂಗಳೂರಿನ ಹನಿ ನೀರೂ ಬರೋದಿಲ್ಲ. ನಮ್ಮದೇ ಬೀದಿಯ ಚರಂಡಿ, ನಮ್ಮದೇ ಹೊಲದ ಯೂರಿಯಾ ಹೋಗಿ ಸೇರುತ್ತದೆ. ಮಾರ್ಚ್ ತಿಂಗಳಲ್ಲಿ ಒಂದು ದಿನ ಬೆಳಗಿನ ಜಾವ ಐದೂವರೆಗೆ ಏರಿಯ ಮೇಲೆ ಬಂದು ನಿಲ್ಲಿ, ಕಾಫಿ ನಮ್ಮ ಮನೆಯಲ್ಲಿ. ಟಾರ್ಚ್ ಬಿಟ್ಟು ನೋಡಿದರೆ ಕಾಟ್ಲಾ, ರೋಹು ಮರಿಗಳು ತೂಬಿನ ಹತ್ತಿರ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಗಾಳಿ ಎಳೆಯುತ್ತಿರುತ್ತವೆ. ಏಳು ಗಂಟೆಗೆ ಬಿಸಿಲು ಬಿದ್ದ ಮೇಲೆ ಪಾಚಿ ಮತ್ತೆ ಆಮ್ಲಜನಕ ಬಿಡಲು ಶುರುಮಾಡುತ್ತದೆ, ಮೀನು ಕೆಳಗೆ ಇಳಿಯುತ್ತವೆ, ಆಮೇಲೆ ಬಂದರೆ ಏನೂ ಕಾಣೋದಿಲ್ಲ.

ಇಂತಿ,
ಒಬ್ಬ ಸೊಪ್ಪಿನ ರೈತ
ಮಾಲೂರು ತಾಲ್ಲೂಕು